ಸಂತೆಯ ಕರಿಬೇವು

ಆಗೆಲ್ಲ ನಮ್ಮೂರಿಗೆ ಪುಸ್ತಕಗಳು ಸಕ್ಕರೆ, ಮೆಣಸಿನಪುಡಿಯ ಜೊತೆಗೆ ಬರುತ್ತಿದ್ದವು. ಅಂಗಡಿ ಶೆಟ್ಟರು ಜಗಳೂರಿನ ಪೇಟೆಯಿಂದ ಹಳೆಯ ಕಾಗದವನ್ನು ತೂಕಕ್ಕೆ ಕೊಂಡು ತರುತ್ತಿದ್ದರು. ಅದರಲ್ಲಿ ಹೋದ ವರ್ಷದ ಪೇಪರು, ಯಾರದೋ ಪರೀಕ್ಷೆಯ ಉತ್ತರ ಪತ್ರಿಕೆ, ಯಾರದೋ ಮದುವೆಯ ಕರೆಯೋಲೆ, ನಡುನಡುವೆ ಒಂದೊಂದು ಪುಸ್ತಕ. ಶೆಟ್ಟರು ಗಲ್ಲಾಪೆಟ್ಟಿಗೆಯ ಹಿಂದೆ ಕೂತು ಹಾಳೆ ಹರಿದು ಪೊಟ್ಟಣ ಕಟ್ಟುತ್ತಿದ್ದರು. ಸಾಮಾನು ಡಬ್ಬಿಗೆ ಹೋದ ಮೇಲೆ ಆ ಹಾಳೆ ನನ್ನದು. ಕಥೆಯಲ್ಲಿ ಯಾರೋ ಬಾಗಿಲು ತೆರೆಯುವ ಹೊತ್ತಿಗೆ ಹಾಳೆ ಮುಗಿದರೆ, ಬಾಗಿಲ ಆಚೆ ಯಾರು ನಿಂತಿದ್ದರೆಂದು ಈ ಜನ್ಮದಲ್ಲಿ ತಿಳಿಯುವಂತಿರಲಿಲ್ಲ. ನನ್ನ ಓದೆಲ್ಲ ನಡುವೆ ಶುರುವಾಗಿ ನಡುವೆಯೇ ನಿಲ್ಲುತ್ತಿತ್ತು.

ಈಚೆಗೆ ಹೊನ್ನಾಳಿಯಲ್ಲಿ ಒಂದಿಷ್ಟು ಹೆಂಗಸರು ಸೇರಿ, ಒಬ್ಬೊಬ್ಬರೂ ತಮ್ಮ ಮೆಚ್ಚಿನ ಲೇಖಕರು ಯಾರು, ಯಾಕೆ ಮೆಚ್ಚು ಎಂದು ಹೇಳಬೇಕು ಅಂತ ಇಟ್ಟುಕೊಂಡಿದ್ದರು. ನನ್ನನ್ನೂ ನ್ಯಾಮತಿಯಿಂದ ಕರೆಸಿದ್ದರು. ಎಲ್ಲರೂ ದೊಡ್ಡ ದೊಡ್ಡ ಹೆಸರು ಹೇಳಿದರು. ನನ್ನ ಸರದಿ ಬಂದಾಗ, "ನನಗೆ ಮೆಚ್ಚಿನವರ ಹೆಸರು ಗೊತ್ತಿಲ್ಲ" ಅಂದೆ. ನಕ್ಕರು. ನಾನೂ ನಕ್ಕು ಕೂತುಬಿಟ್ಟೆ. ಯಾಕೆ ಮೆಚ್ಚು ಎಂಬ ಪ್ರಶ್ನೆಗೆ ಉತ್ತರವಿತ್ತು, ಆದರೆ ಚಹಾ ಆರುತ್ತಿತ್ತು, ಮೈಕಿನ ಹಿಂದೆ ಇನ್ನೂ ನಾಲ್ಕು ಜನ ಕಾಯುತ್ತಿದ್ದರು, ಮತ್ತು ಅದು ನಗುವ ಜನರ ಮುಂದೆ ಹೇಳುವ ಮಾತಾಗಿರಲಿಲ್ಲ.

ನಾನು ಐದನೇ ಕ್ಲಾಸು ಮುಗಿಸಿದ ಬೇಸಿಗೆ ಅದು. ಯುಗಾದಿ ಕಳೆದ ಮೇಲೆ ನಮ್ಮ ಕಡೆ ಬಿತ್ತನೆ ಶೇಂಗಾ ಸುಲಿಯುವ ಕಾಲ. ಎಣ್ಣೆಗೆ ಹೋಗುವ ಕಾಯಿ ಮಿಷನ್ನಿಗೆ ಬಿದ್ದರೂ ನಡೆಯುತ್ತದೆ, ಬಿತ್ತುವುದನ್ನು ಮಾತ್ರ ಕೈಯಲ್ಲೇ ಸುಲಿಯಬೇಕು. ಮಿಷನ್ನಿನಲ್ಲಿ ಬೀಜದ ಮೂತಿ ಒಡೆಯುತ್ತದೆ, ಮೂತಿ ಒಡೆದದ್ದು ಮೊಳೆಯುವುದಿಲ್ಲ. ನಮ್ಮ ಪಡಸಾಲೆಗೆ ಕಲ್ಲು ಹಾಸಿದ್ದರಿಂದ ತಣ್ಣಗಿರುತ್ತಿತ್ತು. ಮಧ್ಯಾಹ್ನದ ಊಟ ಮುಗಿಸಿ ಓಣಿಯ ಹೆಂಗಸರೆಲ್ಲ ತಮ್ಮ ತಮ್ಮ ಮೊರ ಹಿಡಿದುಕೊಂಡು ನಮ್ಮಲ್ಲಿಗೇ ಬರುತ್ತಿದ್ದರು. ಇವತ್ತು ನಮ್ಮ ಮನೆಯ ಚೀಲ, ನಾಳೆ ಪಕ್ಕದ ಮನೆ ಹಾಲಮ್ಮನ ಚೀಲ, ಮುಯ್ಯಿಗೆ ಮುಯ್ಯಿ. ಹೆಬ್ಬೆರಳಿಗೆ ಬಟ್ಟೆ ಸುತ್ತಿಕೊಂಡು ಕೂತರೆ ಹೊತ್ತು ಇಳಿಯುವವರೆಗೂ ಕಟ್ ಕಟ್ ಎಂಬ ಸದ್ದು. ಸಿಪ್ಪೆಯ ಧೂಳಿಗೆ ಸೀನು ಬರುತ್ತಿತ್ತು. ಗೋಣಿಚೀಲದ ವಾಸನೆ, ಹಸಿ ಬೀಜದ ವಾಸನೆ, ಒಳಗೆ ಅವ್ವ ಕುದಿಸುವ ಬೆಲ್ಲದ ಚಹಾದ ವಾಸನೆ ಮೂರೂ ಕಲೆತು ಪಡಸಾಲೆಯಲ್ಲಿ ನಿಲ್ಲುತ್ತಿದ್ದವು.

ಅಪ್ಪನ ತಾಯಿ, ನಮ್ಮಜ್ಜಿಗೆ ಆಗ ಇದ್ದದ್ದು ಒಂದೇ ಚಿಂತೆ. ಸುಲಿಯುವ ಕೈ ಯಾವಾಗಲೂ ಬಾಯಿಯ ಹತ್ತಿರವೇ ಇರುತ್ತದೆ. "ಬಿತ್ತಾಕೆ ಇಟ್ಟಿದ್ದು ಹೊಟ್ಟೇಲಿ ಬಿತ್ತಬ್ಯಾಡ್ರಿ" ಎಂದು ಹೇಳಿ ಹೇಳಿ ಆಕೆಗೆ ಸಾಕಾಗಿತ್ತು. ಅಂಥ ಒಂದು ದಿನ ನಾನು ಶೆಟ್ಟರ ಅಂಗಡಿಯಿಂದ ಒಂದು ದಪ್ಪ ಪುಸ್ತಕ ತಂದೆ. ರಟ್ಟಿರಲಿಲ್ಲ, ಮುಂದಿನ ಹಾಳೆಗಳು ಆಗಲೇ ಪೊಟ್ಟಣವಾಗಿ ಊರಿನ ಮನೆಮನೆ ಸೇರಿದ್ದವು, ಕೊನೆಯ ಹಾಳೆಗಳೂ ಇರಲಿಲ್ಲ. ಉಳಿದದ್ದನ್ನು ಬಿಡಿಸಿಕೊಳ್ಳಲು ನನ್ನ ಹೋದ ವರ್ಷದ ನೋಟ್‌ಬುಕ್ಕುಗಳನ್ನೆಲ್ಲ ಕೊಟ್ಟು ಬಂದಿದ್ದೆ. ಪುಸ್ತಕದ ಹೆಸರಿಲ್ಲ, ಬರೆದವರ ಹೆಸರೂ ಇಲ್ಲ. ಮೂಲೆಯಲ್ಲಿ ಕೂತು ಗಟ್ಟಿಯಾಗಿ ಓದಿಕೊಳ್ಳುತ್ತಿದ್ದೆ, ಆಗ ನನಗೆ ಮನಸ್ಸಿನಲ್ಲೇ ಓದುವ ಅಭ್ಯಾಸ ಸರಿಯಾಗಿ ಬಂದಿರಲಿಲ್ಲ. ಸ್ವಲ್ಪ ಹೊತ್ತಿಗೆ ಪಡಸಾಲೆಯಲ್ಲಿ ಮಾತು ನಿಂತಿತು. ತಲೆ ಎತ್ತಿ ನೋಡಿದರೆ ಹಾಲಮ್ಮನ ಬಾಯಿ ತೆರೆದಿತ್ತು, ಅದರೊಳಕ್ಕೆ ಒಂದು ಬೀಜವೂ ಹೋಗುತ್ತಿರಲಿಲ್ಲ. ಇದನ್ನು ಮೊದಲು ಕಂಡದ್ದು ಅಜ್ಜಿ.

"ನಿಲ್ಲಿಸ್‌ಬ್ಯಾಡಲೇ ಕೊಟ್ರಿ, ಓದು. ಬೀಜ ಉಳೀತೈತೆ."

ಹೀಗೆ ನನಗೆ ಕೆಲಸ ಸಿಕ್ಕಿತು. ಓದುವವಳು ಸುಲಿಯುವಂತಿಲ್ಲ, ಆದರೆ ಖಾಲಿ ಮೊರದೊಂದಿಗೆ ಎದ್ದುಹೋಗಬಾರದು ಎಂದು, ಸಂಜೆ ಏಳುವಾಗ ಒಬ್ಬೊಬ್ಬರೂ ತಮ್ಮ ಬೀಜದಲ್ಲಿ ಒಂದು ಹಿಡಿ ತೆಗೆದು ನನ್ನ ಮೊರಕ್ಕೆ ಹಾಕುತ್ತಿದ್ದರು. ಓದೋಳ ಹಿಡಿ ಅಂತ ಅದಕ್ಕೆ ಹೆಸರು ಬಿತ್ತು. ಓದು ಚೆನ್ನಾಗಿದ್ದ ದಿನ ಹಿಡಿ ದೊಡ್ಡದಿರುತ್ತಿತ್ತು. ಎಷ್ಟೋ ವರ್ಷದ ಮೇಲೆ ಪತ್ರಿಕೆಗಳಲ್ಲಿ ವಿಮರ್ಶೆ ಎಂಬುದನ್ನು ಓದಿದಾಗ ನನಗೆ ನೆನಪಾದದ್ದು ಆ ಹಿಡಿಗಳು.

ಕಥೆ ತುಂಗಮ್ಮ ಎಂಬ ಹೆಂಗಸಿನದು. ಯಾವುದೋ ಊರಿನ ಬಸ್‌ಸ್ಟ್ಯಾಂಡಿನ ಪಕ್ಕ ಒಂದು ಸಣ್ಣ ಖಾನಾವಳಿ ನಡೆಸುತ್ತಾಳೆ. ಗಂಡ ಲಾರಿ ಡ್ರೈವರು, ಬಂದರೆ ಬಂದ ಇಲ್ಲದಿದ್ದರೆ ಇಲ್ಲ. ಇಷ್ಟೇ. ಅರಮನೆಯಿಲ್ಲ, ಕೊಲೆಯಿಲ್ಲ, ಪ್ರೇಮಪತ್ರವಿಲ್ಲ. ಆದರೂ ಹಾಲಮ್ಮ ತನ್ನ ಎಮ್ಮೆಗೆ ನೀರಿಡುವುದನ್ನು ಮರೆತು ಕೂತಿರುತ್ತಿದ್ದಳು. ಬರೆದವರು ಯಾರೋ ಗೊತ್ತಿಲ್ಲದ್ದರಿಂದ ಎಲ್ಲರೂ 'ಆಯಮ್ಮ' ಅನ್ನುತ್ತಿದ್ದರು. ಒಂದು ದಿನ ನಾನು, ಬರೆದವರು ಗಂಡಸೂ ಇರಬಹುದಲ್ಲ ಎಂದು ದೊಡ್ಡಸ್ತಿಕೆ ತೋರಿಸಿದೆ.

ಹಾಲಮ್ಮ ನನ್ನನ್ನು ಮೇಲಿಂದ ಕೆಳಕ್ಕೆ ನೋಡಿದಳು. "ಗಂಡಸಾಗಿದ್ರೆ, ತುಂಗಮ್ಮ ಊಟ ಮಾಡಿದ್ಲು ಅಂತ ಬರ್ದು ಮುಂದೆ ಹೋಗ್ತಿದ್ದ. ಎಲ್ರಿಗೂ ಬಡಿಸಿ ತಳ ಹಿಡಿದದ್ದನ್ನ ತನಗೆ ಕೆರಕಂಡ್ಲು ಅಂತ ಬರಿಯಾಕೆ ಅವನಿಗೆ ಹೆಂಗೆ ಗೊತ್ತಾಗ್ಬೇಕು? ಆಯಮ್ಮ ಪಾತ್ರೆ ತಿಕ್ಕಿದೋಳು. ಓದು ನೀನು."

ಆಯಮ್ಮನ ಬರವಣಿಗೆಯ ಗುಣಗಳನ್ನು ಆ ಹೆಂಗಸರು ಹೀಗೆ ಒಂದೊಂದಾಗಿ ಹೆಕ್ಕಿ ಇಟ್ಟರು. ತುಂಗಮ್ಮನಿಗೆ ದುಃಖವಾಯಿತು ಎಂದು ಆಯಮ್ಮ ಎಲ್ಲೂ ಬರೆಯುತ್ತಿರಲಿಲ್ಲ. ತೊಳೆದ ತಪ್ಪಲೆಯನ್ನೇ ಇನ್ನೊಂದು ಸಲ ತೊಳೆದಳು ಎಂದು ಬರೆಯುತ್ತಿದ್ದಳು. ಓದುವ ನನಗೆ ಏನೂ ಅನ್ನಿಸುತ್ತಿರಲಿಲ್ಲ, ಆದರೆ ಪಡಸಾಲೆಯಲ್ಲಿ ಯಾರೋ 'ಅಯ್ಯೋ ಶಿವನೇ' ಅನ್ನುತ್ತಿದ್ದರು. ಅಳಿಸಲು ಹೋಗದವರೇ ಅಳಿಸುತ್ತಾರೆ ಎಂಬುದು ಆ ವಯಸ್ಸಿನಲ್ಲೇ ನನ್ನ ಕಿವಿಗೆ ಬಿದ್ದಿತ್ತು, ತಲೆಗೆ ಹೋಗಲು ಬಹಳ ಕಾಲ ಬೇಕಾಯಿತು.

ಎಲ್ಲರಿಗಿಂತ ಮನಸ್ಸಿಟ್ಟು ಕೇಳುತ್ತಿದ್ದವಳು ಗಿರಿಜತ್ತೆ. ಅಪ್ಪನ ತಂಗಿ, ಚನ್ನಗಿರಿ ಕಡೆ ನಲ್ಲೂರಿಗೆ ಕೊಟ್ಟಿದ್ದರು. ಆ ವರ್ಷ ಹೆರಿಗೆಗೆಂದು ತವರಿಗೆ ಬಂದಿದ್ದಳು. ಇದಕ್ಕೂ ಮೊದಲು ಆಕೆಗೆ ಎರಡು ಕೂಸು ಆಗಿ, ಎರಡೂ ಉಳಿದಿರಲಿಲ್ಲ. ಆ ವಿಷಯ ನಮ್ಮ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಅತ್ತೆಯೇ ಎಂದಾದರೂ "ಅವತ್ತು ಅದಕ್ಕೆ ತಲೆ ತುಂಬ ಕೂದ್ಲಿತ್ತವ್ವ" ಎಂದು ಶುರು ಮಾಡಿದರೆ ಅಜ್ಜಿ, "ಆಗಿದ್ದು ಆತು, ಮುಂದಿಂದು ನೋಡು" ಎಂದು ಬೇರೆ ಮಾತಿಗೆ ಹೋಗುತ್ತಿದ್ದಳು. ಕಲ್ಲುಮನಸ್ಸಲ್ಲ. ಅಜ್ಜಿಯ ತಿಳುವಳಿಕೆಯಲ್ಲಿ ಸತ್ತ ಕೂಸಿನ ಮಾತಾಡಿದರೆ ಅದು ಹೊಟ್ಟೆಯಲ್ಲಿರುವ ಕೂಸಿಗೆ ಕೇಳಿಸುತ್ತದೆ. ಅತ್ತೆ ಬಾಯಿ ಮುಚ್ಚಿ ಕಂಬಕ್ಕೆ ಒರಗುತ್ತಿದ್ದಳು. ಓದು ಬರೆಹ ಆಕೆಗೆ ಬರುತ್ತಿರಲಿಲ್ಲ. ತಮ್ಮಂದಿರನ್ನು ಎತ್ತಿ ಆಡಿಸಲು ಮನೆಯಲ್ಲಿ ಇಟ್ಟುಕೊಂಡು ಶಾಲೆ ಬಿಡಿಸಿದ್ದರಂತೆ. ಕಥೆ ಕೇಳುವಾಗ ಮಾತ್ರ ಆಕೆಯ ಮುಖ ಬಿಚ್ಚಿಕೊಳ್ಳುತ್ತಿತ್ತು. ತುಂಗಮ್ಮ ಬಸುರಿಯಾದಾಗ ಕಂಬ ಬಿಟ್ಟು ಮುಂದಕ್ಕೆ ಸರಿದು ಕೂತಳು.

ಬಸುರಿ ಕೂತಿರುವ ಜಾಗದಲ್ಲಿ ಓದಲು ಒಂದು ಕಟ್ಟಳೆ ಇತ್ತು. ಪುರಾಣ ಓದುವವರಿಗೂ ಇದೇ ಕಟ್ಟಳೆ, ಅಜ್ಜಿ ಅದನ್ನು ನನಗೂ ಹಾಕಿದಳು. ಅವತ್ತಿನ ಭಾಗವನ್ನು ನಾನು ಬೆಳಿಗ್ಗೆಯೇ ಜಗಲಿಯಲ್ಲಿ ಕೂತು ಒಮ್ಮೆ ಓದಿಕೊಳ್ಳಬೇಕು. ಸಾವು ನೋವು ಬಂದರೆ ಅಜ್ಜಿಗೆ ಹೇಳಬೇಕು. ಮಧ್ಯಾಹ್ನ ಅದನ್ನು ಬಿಟ್ಟು ಓದಬೇಕು. ಇದಕ್ಕೆ ಅಜ್ಜಿಯ ಮಾತು 'ದಾಟಿಸು'. ಮೂರು ದಾರಿ ಕೂಡುವಲ್ಲಿ ಯಾರೋ ದೃಷ್ಟಿಗೆ ಇಳಿ ತೆಗೆದು ನಿಂಬೆಹಣ್ಣು ಬಿಸಾಕಿದ್ದರೆ ಮಕ್ಕಳನ್ನು ಎತ್ತಿ ಆಚೆ ಇಳಿಸುತ್ತಾರಲ್ಲ, ಹಾಗೆ.

ತುಂಗಮ್ಮನ ಕೂಸು ಜ್ವರ ಬಂದು ಸತ್ತುಹೋಯಿತು. ಒಂದು ಬೆಳಿಗ್ಗೆ ಜಗಲಿಯಲ್ಲಿ ಕೂತು ನಾನದನ್ನು ಓದಿದೆ. ಸಾಯುವುದು ಎರಡೇ ಸಾಲು, ಆದರೆ ಅದಾದ ಮೇಲಿನದ್ದು ನಾಲ್ಕಾರು ಹಾಳೆಯಿತ್ತು. ಅಜ್ಜಿಗೆ ಹೇಳಿದೆ. ಅಜ್ಜಿಯ ಮುಖ ಸಣ್ಣದಾಯಿತು.

"ಅಷ್ಟನ್ನೂ ದಾಟಿಸು. ಒಂದು ಅಕ್ಷರ ಬಾಯಿಂದ ಬರಬಾರ್ದು."

ಮಧ್ಯಾಹ್ನ ದಾಟಿಸಿದೆ. ತುಂಗಮ್ಮ ಕೂಸಿಗೆ ಎಣ್ಣೆ ಹಚ್ಚುತ್ತಿದ್ದಳು ಎಂಬಲ್ಲಿಂದ ಹಾರಿ, ಆಕೆ ಬಾಣಲೆಗೆ ಮೆಣಸಿನಕಾಯಿ ಬಜ್ಜಿ ಬಿಡುವಲ್ಲಿಗೆ ಬಂದೆ. ಗಿರಿಜತ್ತೆ ಕೇಳಿದಳು, "ಕೂಸು ಎಲ್ಲೈತೆ?"

ಹಾಲಮ್ಮನಿಗೆ ಕಟ್ಟಳೆ ಗೊತ್ತಿತ್ತು. "ಮಲಗಿರಬೇಕು ಬಿಡು" ಅಂದಳು.

ಮಾರನೇ ದಿನವೂ ಕಥೆಯಲ್ಲಿ ಕೂಸು ಬರಲಿಲ್ಲ. "ಇನ್ನೂ ಎದ್ದಿಲ್ಲೇನು ಅದು?" ಅಂದಳು ಅತ್ತೆ. "ತುಂಗಮ್ಮನ ತವರಲ್ಲಿ ಬಿಟ್ಟು ಬಂದಿರಬೇಕು. ಖಾನಾವಳಿ ಹೊಗೆ ಕೂಸಿಗೆ ಆಗಲ್ಲ" ಎಂದು ಹಾಲಮ್ಮ ತಾನೇ ಕಥೆ ಕಟ್ಟಿದಳು. ಉಳಿದವರು ಹೂಂಗುಟ್ಟಿದರು. ಒಬ್ಬಾಕೆಯಂತೂ ತವರಿನಲ್ಲಿ ಕೂಸಿಗೆ ಹಲ್ಲು ಬರುತ್ತಿದೆ ಎಂದೂ ಸೇರಿಸಿದಳು. ಹೀಗೆ ಸತ್ತ ಕೂಸನ್ನು ನಮ್ಮ ಪಡಸಾಲೆಯಲ್ಲಿ ಬೆಳೆಸಿದರು.

ಆದರೆ ಪುಸ್ತಕ ಅಷ್ಟು ಸುಲಭಕ್ಕೆ ಬಗ್ಗಲಿಲ್ಲ. ಮುಂದೊಂದು ಕಡೆ ತುಂಗಮ್ಮ ಸಂತೆಗೆ ಹೋಗಿ ಕರಿಬೇವು ಕೊಂಡಳು ಎಂದಿತ್ತು. ಓದಿದ ಕೂಡಲೇ ಸುಲಿಯುವ ಸದ್ದು ನಿಂತಿತು. ತುಂಗಮ್ಮನ ಹಿತ್ತಲಲ್ಲಿ ಆಳೆತ್ತರದ ಕರಿಬೇವಿನ ಗಿಡ ಇದೆಯೆಂದು ಮೊದಲೇ ಓದಿಯಾಗಿತ್ತು. ಆಕೆ ಒಗ್ಗರಣೆಗೆ ಎಣ್ಣೆ ಇಟ್ಟು ಹಿತ್ತಲಿಗೆ ಓಡಿ ಒಂದು ಎಸಳು ಕಿತ್ತು ತರುವುದು ಎಲ್ಲರಿಗೂ ಬಾಯಿಪಾಠವಾಗಿತ್ತು.

"ಮನೇಲಿ ಗಿಡ ಇಟ್ಕಂಡು ಸಂತೇಲಿ ಯಾಕೆ ತಗಂತಾಳೆ?" ಅಂದಳು ಹಾಲಮ್ಮ. "ಗಿಡಕ್ಕೆ ಹುಳ ಬಿತ್ತೇನು? ಇನ್ನೊಂದು ಸಲ ಓದು."

ಇನ್ನೊಂದು ಸಲ ಓದಿದೆ. ಅದೇ ಇತ್ತು. ಗಿರಾಕಿಯೊಬ್ಬ, "ಹಿತ್ತಲಲ್ಲಿ ಅಷ್ಟು ದೊಡ್ಡ ಗಿಡ ಐತಲ್ಲಮ್ಮ" ಎಂದು ಕೇಳುತ್ತಾನೆ, ತುಂಗಮ್ಮ ಉತ್ತರ ಕೊಡದೆ ಒಲೆ ಊದುತ್ತಾಳೆ.

ಹಾಲಮ್ಮ ಬೇಜಾರಿನಿಂದ ಮೊರ ಕೊಡವಿದಳು. "ಇಲ್ಲಿ ಆಯಮ್ಮ ತಪ್ಪಿದ್ಲು ನೋಡು. ಹಿಂದೆ ಬರ್ದಿದ್ದು ಮರ್ತುಬಿಟ್ಟಾಳೆ. ಎಷ್ಟು ಚೆಂದ ಬರೀತಿದ್ಲು."

ಅವತ್ತು ಓದೋಳ ಹಿಡಿ ಚಿಕ್ಕದಾಗಿತ್ತು. ನಾನೂ ಹಾಗೇ ಅಂದುಕೊಂಡೆ, ಆಯಮ್ಮ ತಪ್ಪಿದ್ದಾಳೆ ಎಂದು. ದಾಟಿಸಿದ್ದ ಹಾಳೆಗಳಿಗೂ ಇದಕ್ಕೂ ಗಂಟು ಬೀಳಲಿಲ್ಲ, ಹತ್ತು ವರ್ಷದ ತಲೆ.

ಸಂಜೆ ನಾನು ಹಿತ್ತಲಲ್ಲಿ ಸಿಪ್ಪೆ ಸುರಿಯಲು ಹೋದಾಗ ಗಿರಿಜತ್ತೆ ಹಿಂದೆಯೇ ಬಂದಳು. ಹೊಟ್ಟೆಯ ಕೆಳಗೆ ಕೈ ಕೊಟ್ಟುಕೊಂಡು ನಿಂತು, ಬಹಳ ಮೆಲ್ಲಗೆ ಕೇಳಿದಳು.

"ಸತ್ತೈತೆ ಅಲ್ಲೇನೇ ಅದು?"

ನಾನು ತಲೆ ಆಡಿಸಿದೆ.

"ಆಮೇಲೆ ಆಕೆ ಏನು ಮಾಡಿದ್ಲು?"

"ಹೇಳಬಾರ್ದು ಅತ್ತೆ. ಅಜ್ಜಿ ಬೈತಾಳೆ."

"ನಂಗೆ ಸತ್ತಿದ್ದು ಬ್ಯಾಡ. ಸಾಯೋದು ನಂಗೆ ಗೊತ್ತೈತೆ. ಆಮೇಲೆ ಆಕೆ ಹೆಂಗಿದ್ಲು ಅಂತ ಹೇಳು ಸಾಕು. ನಂಗೆ ಆಮೇಲಿಂದು ಯಾರೂ ಹೇಳಲ್ಲ." ನನ್ನ ಮುಖ ನೋಡಿ ತಾನೇ ಬಿಟ್ಟಳು. "ಹೋಗ್ಲಿ. ಹೆರಿಗೆ ಆಗಲಿ, ಆಮೇಲೆ ಓದುವಂತೆ. ನೆಪ್ಪಿರಲಿ."

ಆಕೆ ಕೇಳಿದ್ದು ಅಷ್ಟೇ. ಒಂದು ಸೀರೆಯಲ್ಲ, ಬಳೆಯಲ್ಲ. ಅಕ್ಷರ ಬಾರದ ಆಕೆಗೆ ಆ ಹಾಳೆಗಳವರೆಗೆ ಹೋಗಲು ನನ್ನ ಬಾಯಿ ಬಿಟ್ಟರೆ ಬೇರೆ ದಾರಿ ಇರಲಿಲ್ಲ. ಆ ಬಾಯಿಗೆ ನಮ್ಮಜ್ಜಿ ಪ್ರೀತಿಯಿಂದ ಬೀಗ ಹಾಕಿದ್ದಳು.

ಒಂದು ಸೋಮವಾರ ಬೆಳಿಗ್ಗೆ ಅತ್ತೆಗೆ ನೋವು ಬಂತು. ನನ್ನನ್ನು ಹಾಲಮ್ಮನ ಮನೆಗೆ ಕಳಿಸಿದರು. ಮಧ್ಯಾಹ್ನ ಸೂಲಗಿತ್ತಿ ತನ್ನ ಕೈಯಲ್ಲಿ ಆಗುವುದಿಲ್ಲ ಅಂದ ಮೇಲೆ ಯಾರದೋ ಟೆಂಪೋದಲ್ಲಿ ಅತ್ತೆಯನ್ನು ಮಲಗಿಸಿಕೊಂಡು ಜಗಳೂರಿಗೆ ಹೋದರು. ಮಾರನೇ ದಿನ ಅದೇ ಟೆಂಪೋ ವಾಪಸು ಬಂತು. ಅತ್ತೆ ಅವ್ವನ ಹೆಗಲು ಹಿಡಿದು ಇಳಿದಳು. ಹಿಂದೆ ಅಜ್ಜಿ ಇಳಿದಳು. ಕೂಸಿಗೆಂದು ಹಳೆಯ ಸೀರೆಗಳಲ್ಲಿ ಆಕೆ ಹೊಲಿದಿದ್ದ ಪುಟ್ಟ ಕೌದಿ, ಒಯ್ದಾಗ ಹೇಗೆ ಮಡಿಸಿತ್ತೋ ಹಾಗೇ ಆಕೆಯ ಕಂಕುಳಲ್ಲಿತ್ತು. ಹೆಣ್ಣು ಕೂಸಂತೆ. ನನಗೆ ಯಾರೂ ಹೇಳಲಿಲ್ಲ, ಹಾಲಮ್ಮ ಇನ್ನೊಬ್ಬಾಕೆಗೆ ಹೇಳಿದ್ದನ್ನು ಕೇಳಿಸಿಕೊಂಡೆ.

ಮನೆಯಲ್ಲಿ ಅಳು ನಿಂತ ಮೇಲೆ ಅಜ್ಜಿ ಕಾರಣ ಹುಡುಕಲು ಕೂತಳು. ಕಾರಣವಿಲ್ಲದ ಸಾವನ್ನು ಆಕೆ ಹೊರಲಾರದೆ ಹೋದಳು. ಆಗ ಕಣ್ಣಿಗೆ ಬಿದ್ದದ್ದು ಗೂಡಿನಲ್ಲಿದ್ದ ಪುಸ್ತಕ.

"ಬಾಯಲ್ಲಿ ದಾಟಿಸಿದ್ರೆ ಆತೇನು? ಸಾವು ಹಾಳೇಲಿ ಹಂಗೇ ಕೂತಿತ್ತಲ್ಲ, ಬಸುರಿ ಇರೋ ಮನ್ಯಾಗೆ."

ನಾನು ಅಳುತ್ತ ಅಡ್ಡ ನಿಂತೆ. ಅಜ್ಜಿ ಬೈಯಲಿಲ್ಲ. ಅದಕ್ಕಿಂತ ವಿಚಿತ್ರವಾದದ್ದನ್ನು ಮಾಡಿದಳು. ಅದರಲ್ಲಿ ಅಕ್ಷರ ಇದೆ, ಅಕ್ಷರ ಅಂದರೆ ಸರಸ್ವತಿ, ಸುಡುವಂತಿಲ್ಲ, ತಿಪ್ಪೆಗೆ ಹಾಕುವಂತಿಲ್ಲ. ಆಕೆ ಪುಸ್ತಕವನ್ನು ಮಣೆಯ ಮೇಲಿಟ್ಟಳು. ಅರಿಶಿನ ಹಚ್ಚಿ, ಕುಂಕುಮ ಇಟ್ಟು, ಕೈ ಮುಗಿದಳು. ಒಡೆದ ದೇವರ ಫೋಟೋ ನೀರಿಗೆ ಬಿಡುವ ಹಾಗೆ ಕೆಂಪು ಬಟ್ಟೆಯಲ್ಲಿ ಕಟ್ಟಿ, ಕೆರೆಯಲ್ಲಿ ನೀರಿಲ್ಲದ್ದರಿಂದ ಹೊಲದ ಬಾವಿಯವರೆಗೂ ನಡೆದು, ಕಲ್ಲು ಸೇರಿಸಿ ಬಿಟ್ಟಳು. ನಾನು ಹಿಂದೆಯೇ ಹೋಗಿದ್ದೆ. ನೀರು ಬಹಳ ಕೆಳಗಿತ್ತು. ಸದ್ದು ತಡವಾಗಿ ಕೇಳಿಸಿತು. ಅಜ್ಜಿಯ ಮೇಲೆ ಆಗ ಬಂದ ಸಿಟ್ಟು ಆಕೆ ಸಾಯುವವರೆಗೂ ನನ್ನಲ್ಲಿ ಸ್ವಲ್ಪ ಉಳಿದಿತ್ತು.

ಅತ್ತೆಯನ್ನು ಹಿತ್ತಲ ಕಡೆಯ ಕೋಣೆಯಲ್ಲಿ ಮಲಗಿಸಿದ್ದರು. ಹಾಲಮ್ಮ ದಿನಾ ಒಂದು ಬುಟ್ಟಿ ಮಲ್ಲಿಗೆ ತರುತ್ತಿದ್ದಳು. ಯಾಕೆಂದು ನನಗೆ ಗೊತ್ತಿರಲಿಲ್ಲ. ಕೂಸಿಲ್ಲದ ಬಾಣಂತಿಯ ಎದೆಗೆ ಮಲ್ಲಿಗೆ ಕಟ್ಟಿದರೆ ಹಾಲು ಬತ್ತುತ್ತದಂತೆ. ಮೂರು ಹೊತ್ತೂ ಆ ಕೋಣೆಯಲ್ಲಿ ಮದುವೆ ಮನೆಯ ವಾಸನೆ. ಇವತ್ತಿಗೂ ಯಾರಾದರೂ ಮುಡಿಯಲು ಮಲ್ಲಿಗೆ ಕೊಟ್ಟರೆ ಪಕ್ಕದವರ ಕೈಗೆ ಕೊಟ್ಟುಬಿಡುತ್ತೇನೆ.

ಸುಲಿಯುವ ಕೆಲಸ ಹಾಲಮ್ಮನ ಅಂಗಳಕ್ಕೆ ಹೋಯಿತು. ಒಂದು ಮಧ್ಯಾಹ್ನ ಅಜ್ಜಿ, ಅವ್ವ ಇಬ್ಬರೂ ಅಲ್ಲಿದ್ದಾಗ ಅತ್ತೆ ನನ್ನನ್ನು ಕರೆದಳು.

"ಕೊಟ್ರಿ, ಪುಸ್ತಕ ತಾ."

"ಪುಸ್ತಕ ಇಲ್ಲ ಅತ್ತೆ. ಅಜ್ಜಿ ಬಾವಿಗೆ ಬಿಟ್ಲು."

ಅತ್ತೆ ಗೋಡೆ ಕಡೆ ಹೊರಳಿದಳು. "ಕುಂಕುಮ ಇಟ್ಟು ಬಿಟ್ಲೇನು?"

"ಹೂಂ."

"ಇಟ್ಟಿರ್ತಾಳೆ." ಆಮೇಲೆ ನನ್ನ ಕಡೆ ಹೊರಳಿದಳು. "ನೀನು ಓದಿದ್ದು ಬಾವಿಗೆ ಹೋಗಿಲ್ಲಲ್ಲ. ಹೇಳು. ಕೂಸು ಹೋದ ಮೇಲೆ ಆಕೆ ಏನು ಮಾಡಿದ್ಲು?"

ನೆನಪಿದ್ದಷ್ಟು ಹೇಳಿದೆ. ಮಣ್ಣು ಮಾಡಿ ಬಂದ ಮೇಲೆ ತುಂಗಮ್ಮ ಖಾನಾವಳಿ ಮುಚ್ಚಲಿಲ್ಲ. ಎಂದಿನ ಹಾಗೆ ಹಿಟ್ಟು ಕಲೆಸಿದಳು. ಬಸ್ಸಿಳಿದು ಊಟಕ್ಕೆ ಬಂದವರಲ್ಲಿ ಒಬ್ಬಾಕೆಯ ಕೂಸು ಅತ್ತಿತು. ಅದು ಅತ್ತ ಕೂಡಲೇ ತುಂಗಮ್ಮನ ಕುಪ್ಪಸ ಒದ್ದೆಯಾಯಿತು. ಆಕೆ ಸೌಟು ಇಟ್ಟು ಹಿತ್ತಲಿಗೆ ಹೋದಳು. ತಾಯಿಯ ಹಾಲನ್ನು ತುಳಿಯುವ ಜಾಗದಲ್ಲಿ ಚೆಲ್ಲಬಾರದು ಎಂದು ಸುತ್ತ ನೋಡಿದಳು. ಹಿತ್ತಲಲ್ಲಿ ಇದ್ದದ್ದು ಕರಿಬೇವಿನ ಗಿಡವೊಂದೇ. ಅದರ ಬುಡದಲ್ಲಿ ಕೂತು ಹಾಲು ಹಿಂಡಿದಳು. ಕೂಸಿಗೆ ಇನ್ನೂ ಹೆಸರಿಟ್ಟಿರಲಿಲ್ಲ. ಹಿಂಡುತ್ತ ಹಿಂಡುತ್ತ ತನಗೆ ಗೊತ್ತಿದ್ದ ಹೆಸರುಗಳನ್ನೆಲ್ಲ ಒಂದೊಂದಾಗಿ ಗಿಡಕ್ಕೆ ಹೇಳಿದಳು, ಯಾವುದು ಒಪ್ಪುತ್ತದೆ ಎಂದು ನೋಡಲು. ಹಾಲು ನಿಲ್ಲುವವರೆಗೂ ದಿನಾ ಹೋದಳು. ಗಿಡ ಚೆನ್ನಾಗಿ ಚಿಗುರಿತು.

ನನಗೆ ಇದನ್ನು ಓದಿದಾಗ ಹಾಲು ದಂಡವಾಯಿತಲ್ಲ ಅಂತ ಮಾತ್ರ ಅನ್ನಿಸಿತ್ತು. ಅತ್ತೆಗೂ ಹಾಗೇ ಹೇಳಿದೆ. ಅತ್ತೆ ನನ್ನ ಕೈ ಹಿಡಿದುಕೊಂಡಳು. ಕೈ ಬಿಸಿಯಾಗಿತ್ತು, ಜ್ವರ ಇತ್ತೋ ಏನೋ.

"ಅದಕ್ಕೇ ಸಂತೇಲಿ ಕರಿಬೇವು ತಗಂತಿದ್ಲು" ಅಂದಳು.

ಆಗ ನನಗೂ ತಿಳಿಯಿತು. ಆ ಗಿಡದ ಎಲೆ ಕಿತ್ತು ಕುದಿಯುವ ಎಣ್ಣೆಗೆ ಆಕೆ ಹೇಗೆ ಹಾಕುತ್ತಾಳೆ?

"ಆಯಮ್ಮ ತಪ್ಪಿರಲಿಲ್ಲ ಕೊಟ್ರಿ. ನಾವು ಬಿಟ್ಟು ಓದಿದ್ವಿ." ಕೈ ಬಿಡದೆ ಅಂದಳು, "ಆಯಮ್ಮಂಗೂ ಹಿಂಗೇ ಆಗಿರಬೇಕು. ಆಗದೆ ಇದನ್ನ ಬರಿಯಾಕೆ ಬರಲ್ಲ. ಇನ್ನೊಂದು ಸಲ ಹೇಳು."

ಇನ್ನೊಂದು ಸಲ ಹೇಳಿದೆ. ಅತ್ತೆ ಅಳಲಿಲ್ಲ ಎಂದು ಬರೆದರೆ ಚೆನ್ನಾಗಿ ಕಾಣುತ್ತದೆ. ಆದರೆ ಅತ್ತಳು, ಬಾಯಿಗೆ ಸೆರಗು ತುರುಕಿಕೊಂಡು, ಮಂಚ ಅಲುಗುವ ಹಾಗೆ. ಅತ್ತು ಮುಗಿದ ಮೇಲೆ ಎದ್ದು ಕೂತಳು. ಎದೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿ ಬಾಡಿದ ಮಲ್ಲಿಗೆಯನ್ನು ಕೆಳಗೆ ಹಾಕಿದಳು. "ಹಿತ್ತಲ ಬಾಗಿಲು ತೆಗಿ" ಅಂದಳು. ನಮ್ಮ ಹಿತ್ತಲಲ್ಲೂ ಒಂದು ಕರಿಬೇವಿನ ಗಿಡವಿತ್ತು. ಗಿಡ ಇಲ್ಲದ ಹಿತ್ತಲು ಯಾವುದಿದೆ? ನಾನು ಬಾಗಿಲಲ್ಲಿ ಬೆನ್ನು ಮಾಡಿ ಕಾವಲು ನಿಂತೆ. ಹಿಂದಿನಿಂದ ಅತ್ತೆಯ ದನಿ ಕೇಳುತ್ತಿತ್ತು. ಆಕೆ ಒಂದಲ್ಲ, ಮೂರು ಹೆಸರು ಹೇಳಿದಳು. ಆ ಹೆಸರುಗಳು ನನಗೆ ಇವತ್ತಿಗೂ ನೆನಪಿವೆ. ಇಲ್ಲಿ ಬರೆಯುವುದಿಲ್ಲ, ಅವು ನನಗೆ ಹೇಳಿದ ಹೆಸರುಗಳಲ್ಲ.

ಮಳೆ ಬಿದ್ದು ಬಿತ್ತನೆ ಮುಗಿಯುವ ಹೊತ್ತಿಗೆ ಅತ್ತೆಯನ್ನು ನಲ್ಲೂರಿಗೆ ಕಳಿಸಿದರು. ಮುಂದಿನ ವರ್ಷ ಮಾವ ಇನ್ನೊಂದು ಮದುವೆಯಾದರು. ಅತ್ತೆಯನ್ನು ಹೊರಗೆ ಹಾಕಲಿಲ್ಲ, ಅದೇ ದೊಡ್ಡತನ ಎಂದು ಎಲ್ಲರೂ ಹೊಗಳಿದರು. ಅತ್ತೆ ಆ ಮನೆಯ ಅಡಿಗೆಯವಳಾದಳು. ಸವತಿಯ ಮಕ್ಕಳು ದೊಡ್ಡವ್ವ ಎಂದು ಕರೆದರು, ಅವರಿಗೆ ಬಡಿಸಿ ಮಿಕ್ಕದ್ದನ್ನು ತಾನು ಉಂಡಳು. ತಳ ಹಿಡಿದದ್ದನ್ನೂ ಕೆರೆದುಕೊಂಡಿರಬೇಕು.

ನಾನು ಮದುವೆಯಾಗಿ ನ್ಯಾಮತಿಗೆ ಬಂದ ಮೇಲೆ ವರ್ಷಕ್ಕೊಮ್ಮೆಯಾದರೂ ನಲ್ಲೂರಿಗೆ ಹೋಗುತ್ತಿದ್ದೆ. ಅವರ ಹಿತ್ತಲಲ್ಲಿ ಅತ್ತೆ ನಮ್ಮ ಹಿತ್ತಲ ಗಿಡದ ಬುಡದಿಂದ ಒಂದು ಕರಿಬೇವಿನ ಸಸಿ ತಂದು ನೆಟ್ಟಿದ್ದಳು. ನಾನು ನೋಡನೋಡುತ್ತಿದ್ದಂತೆ ಅದು ಮರವಾಯಿತು, ಮಾಡಿನ ಎತ್ತರಕ್ಕೆ. ಪ್ರತಿ ವಾರ ಸಂತೆಯಿಂದ ಬರುವಾಗ ಅತ್ತೆಯ ಚೀಲದಲ್ಲಿ ಒಂದು ಕಟ್ಟು ಕರಿಬೇವು ಇರುತ್ತಿತ್ತು. "ಗಿರಿಜಮ್ಮಂಗೆ ತಲೆ ಸ್ವಲ್ಪ ಹಂಗೇ. ಮನೇಲಿ ಮರ ಇಟ್ಕಂಡು ಸಂತೇಲಿ ತರ್ತಾಳೆ" ಎಂದು ಸವತಿ ನನ್ನೆದುರೇ ನಗುತ್ತಿದ್ದಳು. ಅತ್ತೆ ಉತ್ತರ ಕೊಡದೆ ಒಲೆ ಕಡೆ ತಿರುಗುತ್ತಿದ್ದಳು. ಒಮ್ಮೆ ಹಾಗೆ ತಿರುಗುವ ಮೊದಲು ನನ್ನ ಕಣ್ಣು ನೋಡಿದಳು. ಬೇರೆ ಯಾವ ಮಾತೂ ನಮ್ಮ ನಡುವೆ ಈ ಬಗ್ಗೆ ಮತ್ತೆ ನಡೆಯಲಿಲ್ಲ.

ಆಮೇಲೆ ನಾನು ತುಂಬ ಓದಿದೆ. ಚನ್ನಗಿರಿ, ಹೊನ್ನಾಳಿಯ ಲೈಬ್ರರಿಗಳಲ್ಲಿ, ದಾವಣಗೆರೆಯ ಫುಟ್‌ಪಾತಿನ ರಾಶಿಗಳಲ್ಲಿ, ತುಂಗಮ್ಮ ಎಂಬ ಹೆಸರು ಕಂಡರೆ ಸಾಕು ನಿಂತು ತಿರುವುತ್ತಿದ್ದೆ. ಆ ಪುಸ್ತಕ ಸಿಗಲಿಲ್ಲ. ಹೆಸರಿರುವ ಲೇಖಕರ ಪುಸ್ತಕಗಳು ಈಗ ನನ್ನ ಕಪಾಟು ತುಂಬ ಇವೆ, ಅವುಗಳಲ್ಲಿ ಕೆಲವು ನನಗೆ ಪ್ರಾಣ. ಯಾವುದೇ ಪುಸ್ತಕ ಹಿಡಿದರೂ ನಾನು ಮೊದಲು ನೋಡುವುದು ಈ ಬರೆದವರು ಪಾತ್ರೆ ತಿಕ್ಕಿದವರೇ ಎಂದು. ಎಲ್ಲಾದರೂ ಕಥೆ ತಪ್ಪಿತು, ಬರೆದವರು ಮರೆತರು ಅನ್ನಿಸಿದರೆ ಹಿಂದಕ್ಕೆ ಹೋಗಿ, ನಾನು ಏನು ದಾಟಿಸಿಕೊಂಡು ಬಂದೆ ಎಂದು ಹುಡುಕುತ್ತೇನೆ. ಈ ಎರಡೂ ಪಾಠ ಅಕ್ಷರ ಬಾರದ ಹೆಂಗಸರು ಹೇಳಿಕೊಟ್ಟದ್ದು. ಈಗ ಬಿತ್ತನೆ ಬೀಜ ಪ್ಯಾಕೆಟ್ಟಿನಲ್ಲಿ ಬರುತ್ತದೆ. ಶೆಟ್ಟರ ಅಂಗಡಿಯಲ್ಲಿ ಪ್ಲಾಸ್ಟಿಕ್ ಕವರು. ನಮ್ಮ ಪಡಸಾಲೆಯ ಕಲ್ಲು ತೆಗೆದು ಟೈಲ್ಸು ಹಾಕಿದ್ದಾರೆ, ಹಾಲಮ್ಮ ಹೋಗಿ ಎಷ್ಟೋ ವರ್ಷವಾಯಿತು. ನಾನೀಗ ಓದುವುದು ಮನಸ್ಸಿನಲ್ಲೇ. ನಿಲ್ಲಿಸಬೇಡ ಓದು ಅನ್ನುವವರು ಯಾರೂ ಇಲ್ಲ. ಹಿಡಿ ಬೀಜ ಹಾಕುವವರೂ ಇಲ್ಲ.

ಹೋದ ವರ್ಷ ಗಿರಿಜತ್ತೆ ತೀರಿಕೊಂಡಳು. ಶಿವಗಣಾರಾಧನೆಗೆ ನಲ್ಲೂರಿಗೆ ಹೋದೆ. ಅಡಿಗೆಯವರು ಬೆಳಿಗ್ಗೆಯೇ ಹಿತ್ತಲಲ್ಲಿ ಒಲೆ ಹೂಡಿದ್ದರು. ಸಾರಿನ ಒಗ್ಗರಣೆಗೆ ಹೊತ್ತಾಯಿತು ಎಂದು ಅವರಲ್ಲೊಬ್ಬ ಮರದ ಕೊಂಬೆ ಬಗ್ಗಿಸಿ ಕರಿಬೇವನ್ನು ಮಡಿಲು ತುಂಬ ತರಿದುಕೊಂಡ. ಬೇಡ ಅನ್ನಲು ಬಾಯಿ ತೆರೆದೆ. ಏನೆಂದು ಹೇಳಲಿ? ಈ ಮರಕ್ಕೆ ಮೂರು ಹೆಸರಿದೆ ಎಂದೇ? ದೊಡ್ಡ ಬಾಣಲೆಯಲ್ಲಿ ಎಣ್ಣೆ ಚಟಪಟಗುಟ್ಟಿತು, ಇಡೀ ಹಿತ್ತಲು ಘಮಘಮ ಅಂದಿತು. "ನಮ್ಮ ದೊಡ್ಡವ್ವ ನೆಟ್ಟ ಮರ, ಎಷ್ಟು ಚೆನ್ನಾಗೈತೆ ನೋಡ್ರಿ" ಎಂದು ಸವತಿಯ ಮಗ ಬಂದವರಿಗೆ ಪ್ರೀತಿಯಿಂದಲೇ ಹೇಳುತ್ತಿದ್ದ.

ಪಂಕ್ತಿಯಲ್ಲಿ ಕೂತೆ. ಸಾರು ಬಡಿಸಿದರು. ಅನ್ನದಲ್ಲಿ ಬಿದ್ದ ಎಲೆಗಳನ್ನು ಒಂದೊಂದಾಗಿ ಹೆಕ್ಕಿ ಬಾಳೆಲೆಯ ಅಂಚಿಗೆ ಇಟ್ಟೆ. ಸಾಲಿನಲ್ಲಿ ಎಲ್ಲರೂ ಅದನ್ನೇ ಮಾಡುತ್ತಿದ್ದರು. ಕರಿಬೇವನ್ನು ಯಾರು ತಿನ್ನುತ್ತಾರೆ? ಆದ್ದರಿಂದ ನಾನು ಇಟ್ಟದ್ದು ಯಾರಿಗೂ ಬೇರೆಯಾಗಿ ಕಾಣಲಿಲ್ಲ. ಊಟ ಮುಗಿದ ಮೇಲೆ ಎಲ್ಲರ ಎಲೆಯನ್ನೂ ಒಟ್ಟಿಗೆ ಬಾಚಿ ತಿಪ್ಪೆಗೆ ಒಯ್ದರು. ಆಯಮ್ಮ ತಪ್ಪಿರಲಿಲ್ಲ ಎಂಬುದು ತಿಳಿದಿದ್ದವರು ಇಬ್ಬರು. ಈಗ ಒಬ್ಬಳು.